ಪುರವಂತನ ಕೈಯಲ್ಲಿ ಖಡ್ಗ, ಬಾಯಲ್ಲಿ ಒಡಪು

ಓದಲು, ದುಡಿಯಲು ಎಂದು ಬೆಂಗಳೂರು, ಪುಣೆ ಸೇರಿರುವ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹುಡುಗ-ಹುಡುಗಿಯರಲ್ಲಿ ಕೆಲವರು ರಜೆಯ ದಿನ ಮೇಜಿನ ಸುತ್ತ ಕುಳಿತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಾರೆ. ಅವರಿಂದ ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಸರ, ನಂದು ಕ್ಲೆರಿಕ್ ಪಾತ್ರ ಐತ್ರಿ. ಕೈಯಾಗ ಯಾವ ಆಯುಧ ಹಿಡೀಲಿ? ಹೊಡಿಯೋ ಮಂತ್ರ ಯಾವುದು ತಗೊಳ್ಳಲಿ?” ಆಯುಧದ ಹೆಸರು, ಮಂತ್ರದ ಹೆಸರು ಬರೆದು ಕಳಿಸಿದರೆ ಉತ್ತರ ಮುಗಿಯುತ್ತದೆ. ಆದರೆ ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಒಂದು ಕೈಯಲ್ಲಿ ಆಯುಧ, ಬಾಯಲ್ಲಿ ದೇವರ ಮಾತು ಹೊತ್ತು ಜನರ ನಡುವೆ ನಡೆಯುವವನನ್ನು ಹಲಸಂಗಿ ಸೀಮೆಯ ನಾವೆಲ್ಲ ಗುಗ್ಗಳದ ಮೆರವಣಿಗೆಯಲ್ಲಿ ಕಂಡೇ ಬೆಳೆದಿದ್ದೇವೆ. ವೀರಭದ್ರನ ಆಳಾದ ಆ ಪುರವಂತನನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸಿದರೆ ಕ್ಲೆರಿಕ್‌ನ ಆಯುಧದ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ಇಳಿಯುತ್ತಾರೆ. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದಾಗ ಆಡಲು ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಾಂತ್ರಿಕ, ಕ್ಲೆರಿಕ್. ದೇವರಿಂದ ಶಕ್ತಿ ಪಡೆದು ಗಾಯ ಮಾಯಿಸುವ, ಸತ್ತು ಎದ್ದವರನ್ನು ಹಿಂದಕ್ಕೆ ಅಟ್ಟುವ, ಕವಚ ತೊಟ್ಟು ಜಗಳಕ್ಕೂ ಇಳಿಯುವ ಪೂಜಾರಿ ಅವನು. ಅವನಿಗೊಂದು ಕಟ್ಟಳೆಯಿತ್ತು. ಅಲಗು ಇರುವ ಆಯುಧ ಮುಟ್ಟಬಾರದು. ಗದೆ, ಸುತ್ತಿಗೆ, ಕೋಲು ಇಷ್ಟರಲ್ಲೇ ತೃಪ್ತಿಪಡಬೇಕು.

ಈ ಕಟ್ಟಳೆ ಯುರೋಪಿನ ಒಂದು ಹಳೆಯ ನಂಬಿಕೆಯಿಂದ ಬಂದದ್ದು. ಚರ್ಚಿನವರು ರಕ್ತ ಹರಿಸಬಾರದು, ಆದ್ದರಿಂದ ಯುದ್ಧಕ್ಕೆ ಹೋದರೂ ಕತ್ತಿ ಬಿಟ್ಟು ದೊಣ್ಣೆ ಹಿಡಿಯುತ್ತಿದ್ದರು ಎಂಬ ಮಾತು ಅಲ್ಲಿ ಬಹಳ ಕಾಲದಿಂದ ಇದೆ. ಅದಕ್ಕೆ ತೋರಿಸುವ ಸಾಕ್ಷಿ ಬಾಯೋ ಊರಿನ ಕಸೂತಿ ಪಟ್ಟಿ. 1066ರ ಹೇಸ್ಟಿಂಗ್ಸ್ ಕದನವನ್ನು ಹೊಲಿದಿರುವ ಆ ಉದ್ದನೆಯ ಬಟ್ಟೆಯಲ್ಲಿ ಬಿಷಪ್ ಓಡೋ ಕುದುರೆ ಮೇಲೆ ಕುಳಿತು ದೊಣ್ಣೆ ಎತ್ತಿದ್ದಾನೆ. ಅದು ಹೊಡೆಯುವ ಆಯುಧವಾಗಿರದೆ ಅಧಿಕಾರದ ಗುರುತಾಗಿತ್ತು ಎನ್ನುವ ಇತಿಹಾಸಕಾರರು ಈಗ ಹಲವರಿದ್ದಾರೆ. ಆಟದ ಕಟ್ಟಳೆ ಮಾತ್ರ ಹಾಗೇ ಉಳಿಯಿತು. 2000ದಲ್ಲಿ ಬಂದ ಮೂರನೇ ಆವೃತ್ತಿ ಅದನ್ನು ತೆಗೆದುಹಾಕಿತು. ಇಷ್ಟಾದರೂ ಕ್ಲೆರಿಕ್ ಎಂದ ಕೂಡಲೇ ಚಿತ್ರಕಾರರು ಗದೆಯನ್ನೇ ಬರೆಯುತ್ತಾರೆ, ಹೊಸ ಆಟಗಾರರು ಗದೆಯನ್ನೇ ಕೊಳ್ಳುತ್ತಾರೆ.

ನಮ್ಮ ಕಡೆ ದೇವರ ಆಳಿನ ಕೈಗೆ ಇಂಥ ಬೇಲಿ ಇಲ್ಲ. ಮೈಲಾರನ ಗೊರವಯ್ಯ ತ್ರಿಶೂಲ ಹಿಡಿಯುತ್ತಾನೆ. ಪೋತರಾಜ ಚಾಟಿ ಬೀಸುತ್ತಾನೆ. ಪುರವಂತನ ಕೈಯಲ್ಲಿ ಹೊಳೆಯುವ ಖಡ್ಗವೇ ಇದೆ. ಮೈಲಾರ, ವೀರಭದ್ರರು ಏನು ಹಿಡಿದಿದ್ದಾರೋ ಅದೇ ಅವರ ಆಳುಗಳ ಕೈಗೂ ಬಂದಿದೆ. ಆದ್ದರಿಂದ ಯಾವ ಆಯುಧ ಎಂದು ಕೇಳುವವರಿಗೆ ನನ್ನ ಮೊದಲ ಮರುಪ್ರಶ್ನೆ, ನಿಮ್ಮ ಪಾತ್ರದ ದೇವರು ಯಾರು ಎಂಬುದು. ಆಟದ ಪುಸ್ತಕದ ಕೋಷ್ಟಕ ನೋಡುವುದು ಆಮೇಲಿನ ಕೆಲಸ.

ಪುರವಂತನನ್ನು ಸ್ವಲ್ಪ ನಿಂತು ನೋಡೋಣ. ವೀರಭದ್ರ ಮನೆದೇವರಾದ ಮನೆತನಗಳಲ್ಲಿ ಮದುವೆಯಂಥ ಶುಭಕಾರ್ಯಕ್ಕೆ ಗುಗ್ಗಳ ತೆಗೆಯುತ್ತಾರೆ. ಬೆಂಕಿಯ ಕೊಡ ಹೊತ್ತು ಮನೆಯವರು ನಡೆದರೆ ಮುಂದೆ ಸಂಬಾಳ, ಕರಡಿಯ ಬಡಿತಕ್ಕೆ ಪುರವಂತರು ಕುಣಿಯುತ್ತಾರೆ. ಗೊಡಚಿ, ಯಡೂರಿನಂಥ ವೀರಭದ್ರನ ದೊಡ್ಡ ಕ್ಷೇತ್ರಗಳ ಜಾತ್ರೆಗಳಲ್ಲಿ ಮೇಳ ಮೇಳವಾಗಿಯೇ ಬರುತ್ತಾರೆ. ಕೊರಳಲ್ಲಿ ರುದ್ರಾಕ್ಷಿ, ಹಣೆಗೆ ವಿಭೂತಿ, ಮೈಮೇಲೆ ಲೋಹದ ವೀರಭದ್ರನ ಮುಖ, ಕಾಲಿಗೆ ಗೆಜ್ಜೆ, ಕೈಯಲ್ಲಿ ಖಡ್ಗ. ಕುಣಿತ ಒಂದು ಹದಕ್ಕೆ ಬಂದಾಗ ವಾದ್ಯ ನಿಲ್ಲುತ್ತದೆ. ಪುರವಂತ ಖಡ್ಗ ಮೇಲೆತ್ತಿ ಒಡಪು ಹೇಳುತ್ತಾನೆ. ದಕ್ಷ ಯಜ್ಞ ಮಾಡಿದ್ದು, ಶಿವನ ಜಟೆಯಿಂದ ವೀರಭದ್ರ ಹುಟ್ಟಿದ್ದು, ಯಜ್ಞಶಾಲೆ ಧ್ವಂಸವಾದದ್ದು, ದಕ್ಷನ ತಲೆ ಉರುಳಿದ್ದು ಎಲ್ಲ ಆ ಏರುದನಿಯ ಮಾತಿನಲ್ಲೇ ನಡೆದುಹೋಗುತ್ತವೆ. ಓಣಿಯಲ್ಲಿ ನಿಂತ ಮಕ್ಕಳು ತಾಯಿಯ ಸೆರಗು ಹಿಡಿದುಕೊಳ್ಳುತ್ತಾರೆ. ಖಡ್ಗ ಅಲುಗುತ್ತದೆ, ತೋರಿಸುತ್ತದೆ, ಗಾಳಿಯಲ್ಲಿ ತಿರುಗುತ್ತದೆ. ಯಾರ ಮೇಲೂ ಬೀಳುವುದಿಲ್ಲ. ಶಸ್ತ್ರ ಹಾಕಿಕೊಳ್ಳುವ ಹೊತ್ತು ಬಂದರೆ ಆ ಶಸ್ತ್ರದ ಸೂಜಿಮೊನೆ ಹೋಗುವುದು ಅವನದೇ ಕೆನ್ನೆಗೆ, ಅವನದೇ ನಾಲಿಗೆಗೆ. ಎದುರಿಗಿದ್ದವರನ್ನು ತಟ್ಟುವುದು ಅವನ ಮಾತು. ಖಡ್ಗ ಆ ಮಾತು ಯಾರದೆಂದು ಹೇಳುತ್ತದೆ.

ಆಟದ ಲೆಕ್ಕ ಹಾಕಿದರೂ ಇದೇ ಪ್ರಮಾಣ ಹೊರಬೀಳುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕ್ಲೆರಿಕ್‌ನ ಮಂತ್ರಗಳೆಲ್ಲ ವಿಸ್‌ಡಮ್ ಎಂಬ ಗುಣದ ಮೇಲೆ ನಿಂತಿವೆ. ಗದೆ, ಖಡ್ಗಗಳು ಸ್ಟ್ರೆಂತ್ ಕೇಳುತ್ತವೆ. ಆರಂಭದಲ್ಲಿ ಎರಡಕ್ಕೂ ಸಾಕಷ್ಟು ಅಂಕ ಇರುವುದಿಲ್ಲ. ಬುದ್ಧಿವಂತರು ವಿಸ್‌ಡಮ್‌ಗೆ ಸುರಿಯುತ್ತಾರೆ. ಗದೆಯ ಏಟಿಗೆ ಒಂದು ಆರು ಮುಖದ ದಾಳ. ಸ್ಟ್ರೆಂತ್ 14 ಇದ್ದರೆ ಅದಕ್ಕೆ 2 ಕೂಡಿ ಸರಾಸರಿ ಐದೂವರೆ. ಸೇಕ್ರೆಡ್ ಫ್ಲೇಮ್ ಎಂಬ ಕ್ಯಾಂಟ್ರಿಪ್, ಅಂದರೆ ಎಷ್ಟು ಸಲ ಹೇಳಿದರೂ ಖರ್ಚಾಗದ ಮಂತ್ರ, ಎಂಟು ಮುಖದ ಒಂದು ದಾಳ ಕೊಡುತ್ತದೆ, ಸರಾಸರಿ ನಾಲ್ಕೂವರೆ. ಮೊದಲ ಹಂತದಲ್ಲಿ ಗದೆಯೇ ಒಂದು ಹೆಜ್ಜೆ ಮುಂದಿದೆ. ಆದರೆ ಕ್ಯಾಂಟ್ರಿಪ್ 5ನೇ ಹಂತಕ್ಕೆ ಎರಡು ದಾಳ, 11ಕ್ಕೆ ಮೂರು, 17ಕ್ಕೆ ನಾಲ್ಕು ದಾಳವಾಗಿ ಬೆಳೆಯುತ್ತದೆ. ಕಾದಾಡುವವನಿಗೆ ಸಿಗುವ ಎರಡನೇ ಏಟು ಕ್ಲೆರಿಕ್‌ಗೆ ಸಿಗುವುದಿಲ್ಲ, ಅವನ ಗದೆ ಅಲ್ಲೇ ನಿಲ್ಲುತ್ತದೆ. 2014ರ ನಿಯಮಪುಸ್ತಕದ ಪ್ರಕಾರ 8ನೇ ಹಂತದಲ್ಲಿ, ದೇವರ ಕಾರ್ಯಕ್ಷೇತ್ರವೆನಿಸುವ ಕೆಲವು ಡೊಮೇನ್‌ನವರಿಗೆ ಆಯುಧದ ಏಟಿಗೆ ಇನ್ನೊಂದು ಎಂಟರ ದಾಳ ಕೂಡುತ್ತದೆ. ಅಂಥವರು ಕೈಯಲ್ಲಿ ಒಳ್ಳೆಯ ಮಂತ್ರಿಸಿದ ಖಡ್ಗವಿದ್ದರೆ ಅದನ್ನೇ ನಂಬಿ ಆಡಬಹುದು. ಉಳಿದವರಿಗೆ ಬಾಯಿಯೇ ಬಲ.

ಹಾಗಿದ್ದರೆ ಕೈ ಖಾಲಿ ಬಿಡಲೇ ಎಂದು ಕೇಳಬೇಡಿ. ಎದುರಾಳಿ ಪಕ್ಕದಿಂದ ಓಡಿ ಹೋಗುವಾಗ ಸಿಗುವ ಆಪರ್ಚುನಿಟಿ ಅಟ್ಯಾಕ್‌ಗೆ ಕೈಯಲ್ಲಿ ಆಯುಧ ಇರಲೇಬೇಕು, ಇಲ್ಲದಿದ್ದರೆ ಬರಿ ಗುದ್ದು. ಸೈಲೆನ್ಸ್ ಎಂಬ ಮಂತ್ರ ಬಿದ್ದ 20 ಅಡಿ ತ್ರಿಜ್ಯದ ಗೋಳದೊಳಗೆ ಸದ್ದೇ ಹುಟ್ಟುವುದಿಲ್ಲ. ಒಡಪು ಹೇಳಲಾಗದ ಪುರವಂತ ಅಲ್ಲಿ ಖಡ್ಗವನ್ನೇ ನೆಚ್ಚಬೇಕು. ಇನ್ನು ಅಸ್ಥಿಪಂಜರಗಳ ಗುಂಪು ಎದುರಾದರೆ ಹಳೆಯ ಗದೆಯ ಬೆಲೆ ತಿಳಿಯುತ್ತದೆ: ಜಜ್ಜುವ ಏಟು ಅವಕ್ಕೆ ಇಮ್ಮಡಿಯಾಗಿ ತಾಗುತ್ತದೆ, ಕೊಯ್ಯುವ ಖಡ್ಗಕ್ಕೆ ಆ ಲಾಭವಿಲ್ಲ. ಖಡ್ಗ ಹಿಡಿದವರು ಸೊಂಟಕ್ಕೆ ಒಂದು ಗದೆ ಸಿಗಿಸಿಕೊಂಡರೆ ನಷ್ಟವಿಲ್ಲ.

ಖಡ್ಗ ಹಿಡಿಯಲು ನಿಯಮದ ತೊಡಕೊಂದಿದೆ. ಸಾಮಾನ್ಯ ಕ್ಲೆರಿಕ್‌ಗೆ ಸರಳ ಆಯುಧಗಳ ಅಭ್ಯಾಸ ಮಾತ್ರ ಇರುತ್ತದೆ. ಉದ್ದ ಖಡ್ಗ ಆ ಪಟ್ಟಿಯಲ್ಲಿಲ್ಲ. 2014ರ ಪುಸ್ತಕದಲ್ಲಿ ವಾರ್ ಅಥವಾ ಟೆಂಪೆಸ್ಟ್ ಡೊಮೇನ್ ಆಯ್ದುಕೊಂಡರೆ ಅದು ಸಿಗುತ್ತದೆ. 2024ರ ಪುಸ್ತಕದಲ್ಲಿ ಮೊದಲ ಹಂತದಲ್ಲೇ ಪ್ರೊಟೆಕ್ಟರ್ ಎಂದು ಆರಿಸಿಕೊಂಡರೆ ಸಾಕು, ಭಾರದ ಕವಚವೂ ಜೊತೆಗೆ ಬರುತ್ತದೆ. ಇವೆರಡೂ ಬೇಡವೆಂದರೆ ಡಂಜನ್ ಮಾಸ್ಟರ್ ಹತ್ತಿರ ಕೇಳಿಕೊಳ್ಳಿ: ಕೈಯಲ್ಲಿ ಖಡ್ಗ ಇರಲಿ, ಲೆಕ್ಕ ಗದೆಯದೇ ಇರಲಿ, ಅದೇ ಆರರ ದಾಳ. ಆಟದ ತೂಕ ಕೂದಲೆಳೆಯಷ್ಟೂ ಕೆಡದ ಈ ಕೋರಿಕೆಗೆ ಇಲ್ಲವೆನ್ನುವವರು ಅಪರೂಪ.

ಆಯುಧಕ್ಕಿಂತ ಹೆಚ್ಚು ಜನ ಎಡವುವುದು ಕೈಗಳ ಲೆಕ್ಕದಲ್ಲಿ. ಹೆಚ್ಚಿನ ಮಂತ್ರಗಳಿಗೆ ಬಾಯಿಮಾತಿನ ಜೊತೆ ಕೈಸನ್ನೆ ಬೇಕು. ಸೇಕ್ರೆಡ್ ಫ್ಲೇಮ್, ಗೈಡಿಂಗ್ ಬೋಲ್ಟ್, ಸ್ಪಿರಿಚುವಲ್ ವೆಪನ್ ಎಲ್ಲವೂ ಹಾಗೆ. ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಗುರಾಣಿ ಹಿಡಿದವನಿಗೆ ಸನ್ನೆ ಮಾಡಲು ಕೈ ಎಲ್ಲಿದೆ? ಕಟ್ಟುನಿಟ್ಟಾಗಿ ಆಡಿಸುವವರ ಮೇಜಿನಲ್ಲಿ ಆಯುಧ ಒಳಗಿಟ್ಟು ಮಂತ್ರ ಹೇಳಬೇಕಾಗುತ್ತದೆ, ಇಲ್ಲವೇ ವಾರ್ ಕ್ಯಾಸ್ಟರ್ ಎಂಬ ಫೀಟ್, ಅಂದರೆ ವಿಶೇಷ ಪರಿಣತಿ, ಪಡೆಯಬೇಕಾಗುತ್ತದೆ. ಪುರವಂತನ ವೇಷವನ್ನು ಇಲ್ಲಿ ಗಮನಿಸಿ. ಅವನ ದೇವರ ಮುಖ ಮೈಮೇಲೇ ಇದೆ. ಕ್ಲೆರಿಕ್‌ನ ಪವಿತ್ರ ಚಿಹ್ನೆಯನ್ನು ಕೈಯಲ್ಲಿ ಹಿಡಿಯಬಹುದು, ಗುರಾಣಿಯ ಮೇಲೆ ಬರೆಸಬಹುದು, ಎದ್ದು ಕಾಣುವಂತೆ ಮೈಮೇಲೆ ತೊಡಲೂಬಹುದು ಎಂದು ನಿಯಮವೇ ಹೇಳುತ್ತದೆ. ವೀರಭದ್ರನ ಮುಖ ತೊಟ್ಟು, ಬಲಗೈಯಲ್ಲಿ ಖಡ್ಗ ಹಿಡಿದು, ಎಡಗೈ ಖಾಲಿ ಬಿಟ್ಟರೆ ಯಾವ ಮಂತ್ರಕ್ಕೂ ಅಡ್ಡಿಯಿಲ್ಲ. ಗುರಾಣಿ ಇಲ್ಲದ್ದರಿಂದ ಏಟು ತಡೆಯುವ ಅಂಕ, ಅಂದರೆ ಆರ್ಮರ್ ಕ್ಲಾಸ್, 2 ಕಡಿಮೆಯಾಗುತ್ತದೆ, ಆ ಬೆಲೆ ತೆರಬೇಕು. ನಾನಾದರೆ ತೆರುತ್ತೇನೆ. ಎರಡೂ ಕೈ ತುಂಬಿಕೊಂಡು ಪ್ರತಿ ಸರದಿಯಲ್ಲೂ ಯಾವುದನ್ನು ಕೆಳಗಿಡಲಿ ಎಂದು ತಡವರಿಸುವ ಕ್ಲೆರಿಕ್ ಮೇಜಿನ ಎಲ್ಲರ ಆಟವನ್ನೂ ನಿಧಾನ ಮಾಡುತ್ತಾನೆ.

ಇನ್ನು ಮಾತಿನ ಆಯ್ಕೆ, ಅಂದರೆ ಹೊಡೆಯುವ ಮಂತ್ರಗಳು. ಇದಕ್ಕೆ ಹಲಸಂಗಿಯಷ್ಟು ತಕ್ಕ ಊರು ಇನ್ನೊಂದಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಗೆಳೆಯರ ಗುಂಪು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದ ಊರು ಇದು. ಲಾವಣಿಯ ಖಾಜಾಭಾಯಿಯ ಊರು ಕೂಡ. ಲಾವಣಿಯವರು ಹರದೇಶಿ, ನಾಗೇಶಿ ಎಂದು ಎರಡು ಪಂಗಡವಾಗಿ ಜಾತ್ರೆಯ ರಾತ್ರಿ ಎದುರುಬದುರು ನಿಲ್ಲುತ್ತಾರೆ. ಒಂದು ಮೇಳ ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡಿದರೆ ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ತಿರುಗಿ ಹಾಡುತ್ತದೆ. ಡಪ್ಪು, ತುಂತುಣಿ ಬಿಟ್ಟರೆ ಕೈಯಲ್ಲಿ ಬೇರೇನೂ ಇಲ್ಲ. ಪಳಗಿದ ಹಾಡುಗಾರ ತನಗೆ ಚೆನ್ನಾಗಿ ಬರುವ ಸವಾಲನ್ನೇ ಎತ್ತುವುದಿಲ್ಲ. ಎದುರಿನ ಮೇಳಕ್ಕೆ ಎಲ್ಲಿ ಪುರಾಣ ಸಾಲದು, ಎಲ್ಲಿ ಲೆಕ್ಕ ತಪ್ಪುತ್ತದೆ ಎಂದು ಮೊದಲು ಕಿವಿಗೊಟ್ಟು ತಿಳಿದುಕೊಂಡು ಅಲ್ಲಿಗೇ ಸವಾಲು ಎಸೆಯುತ್ತಾನೆ.

ಕ್ಲೆರಿಕ್ ಕಲಿಯಬೇಕಾದ ಮುಖ್ಯ ವಿದ್ಯೆ ಇದೇ. ಎಷ್ಟು ದಾಳ ಎಂದು ನೋಡುವ ಮುಂಚೆ ಈ ಮಂತ್ರ ಎದುರಾಳಿಯ ಯಾವ ಗುಣವನ್ನು ಪರೀಕ್ಷಿಸುತ್ತದೆ ಎಂದು ನೋಡಬೇಕು. ಸೇಕ್ರೆಡ್ ಫ್ಲೇಮ್ ಚುರುಕನ್ನು, ಅಂದರೆ ಡೆಕ್ಸ್‌ಟೆರಿಟಿಯನ್ನು ಕೇಳುತ್ತದೆ. ಗೋಡೆಯ ಮರೆಯಲ್ಲಿ ಅರ್ಧ ಅಡಗಿದ್ದರೂ ಆ ಮರೆ ಕಾಪಾಡುವುದಿಲ್ಲ. ಟೋಲ್ ದ ಡೆಡ್ ವಿಸ್‌ಡಮ್ ಕೇಳುತ್ತದೆ. ಎದುರಾಳಿಗೆ ಆಗಲೇ ಗಾಯವಾಗಿದ್ದರೆ ಅದರ ದಾಳ ಎಂಟರಿಂದ ಹನ್ನೆರಡು ಮುಖಕ್ಕೆ ಏರುತ್ತದೆ. ವರ್ಡ್ ಆಫ್ ರೇಡಿಯನ್ಸ್ ಕೈಯಳತೆಯಲ್ಲಿ ಸುತ್ತ ನಿಂತ ವೈರಿಗಳನ್ನೆಲ್ಲ ಸುಡುತ್ತದೆ, ಆದರೆ ಅವರ ದೇಹದ ತಾಳಿಕೆಯನ್ನು, ಕಾನ್‌ಸ್ಟಿಟ್ಯೂಷನ್ ಅನ್ನು ಪರೀಕ್ಷಿಸುತ್ತದೆ. 2014ರ ಪುಸ್ತಕದ ಗಾಬ್ಲಿನ್ ತೆಗೆದುಕೊಳ್ಳಿ. ಅದರ ಡೆಕ್ಸ್‌ಟೆರಿಟಿ 14, ವಿಸ್‌ಡಮ್ 8. ಸೇಕ್ರೆಡ್ ಫ್ಲೇಮ್‌ನ ಬೆಳಕಿನ ಕಿಡಿ ಬೀಳುವ ಮುಂಚೆ ಅದು ಜಿಗಿದಿರುತ್ತದೆ. ಟೋಲ್ ದ ಡೆಡ್‌ನ ಗಂಟೆಯ ದನಿ ಕೇಳಿಸಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಓಗರ್ ಎಂಬ ದೈತ್ಯನ ಮೈ ಗಟ್ಟಿ, ಕಾನ್‌ಸ್ಟಿಟ್ಯೂಷನ್ 16, ವಿಸ್‌ಡಮ್ ಕೇವಲ 7. ಅವನೆದುರು ವರ್ಡ್ ಆಫ್ ರೇಡಿಯನ್ಸ್ ಹೇಳುವುದು ದಂಡ. ಸತ್ತು ಎದ್ದ ಜಾಂಬಿಯ ಕಥೆ ಬೇರೆ: ಡೆಕ್ಸ್‌ಟೆರಿಟಿ 6, ಅಲ್ಲದೆ ಉರುಳಿಸಿದರೂ ಮತ್ತೆ ಏಳುವ ಗುಣ ಅದಕ್ಕಿದೆ. ರೇಡಿಯಂಟ್ ಎಂಬ ದೈವೀ ಬೆಳಕಿನಿಂದ ಬಿದ್ದರೆ ಆ ಗುಣ ಕೆಲಸ ಮಾಡುವುದಿಲ್ಲ. ಅಲ್ಲಿ ಸೇಕ್ರೆಡ್ ಫ್ಲೇಮ್‌ಗೆ ಸಾಟಿಯಿಲ್ಲ. ಹೀಗಾಗಿ ಕ್ಯಾಂಟ್ರಿಪ್ ಆಯುವಾಗ ಸೇಕ್ರೆಡ್ ಫ್ಲೇಮ್, ಟೋಲ್ ದ ಡೆಡ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ ಎಂದೇ ನಾನು ಹೇಳುವುದು. ಟೋಲ್ ದ ಡೆಡ್ ಹೇಳಿದಾಗ ಎದುರಾಳಿಯ ಸುತ್ತ ಶೋಕದ ಗಂಟೆ ಮೊಳಗುತ್ತದೆ ಎಂದು ಪುಸ್ತಕದಲ್ಲಿದೆ. ಪುರವಂತ ಪಾತ್ರಕ್ಕೆ ಅದನ್ನು ಗೆಜ್ಜೆಯ ಸದ್ದು ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಎಂದು ಸಿಗುವ ಮಂತ್ರಶಕ್ತಿಯ ಪಾಲು, ಖರ್ಚು ಮಾಡಿಸುವ ಮಂತ್ರಗಳಲ್ಲಿ ಕೈ ಬಿಗಿಹಿಡಿಯಬೇಕು. ಮೊದಲ ಹಂತದಲ್ಲಿ ಇರುವುದು ಎರಡೇ ಸ್ಲಾಟ್, ಗೆಳೆಯರ ಗಾಯ ಮಾಯಿಸಲೂ ಅವೇ ಬೇಕು. ಒಂದನ್ನು ಹೊಡೆಯಲು ಇಡುವುದಾದರೆ ಗೈಡಿಂಗ್ ಬೋಲ್ಟ್‌ಗೆ ಇಡಿ. 120 ಅಡಿ ದೂರಕ್ಕೆ ಆರರ ನಾಲ್ಕು ದಾಳ. ಜೊತೆಗೆ ಅದು ತಾಗಿದವನ ಮೇಲೆ ಮುಂದೆ ಏಟು ಹಾಕುವ ಗೆಳೆಯನಿಗೆ ಎರಡು ದಾಳ ಹಾಕಿ ಮೇಲಿನದನ್ನು ಎತ್ತಿಕೊಳ್ಳುವ ಅನುಕೂಲ ಸಿಗುತ್ತದೆ. ತನ್ನ ಮಾತಿನಿಂದ ಇನ್ನೊಬ್ಬನ ಕೈ ಗಟ್ಟಿಮಾಡುವ ಈ ಮಂತ್ರ ಪೂಜಾರಿಯ ಪಾತ್ರಕ್ಕೆ ಒಪ್ಪುತ್ತದೆ. ಇನ್‌ಫ್ಲಿಕ್ಟ್ ವೂಂಡ್ಸ್ ಹಳೆಯ ನಿಯಮದಲ್ಲಿ ಹತ್ತರ ಮೂರು ದಾಳ ಕೊಡುತ್ತದೆ, ಕೇಳಲು ಭರ್ಜರಿಯಾಗಿದೆ. ಅದಕ್ಕೆ ವೈರಿಯನ್ನು ಮುಟ್ಟಬೇಕು, ಮುಟ್ಟಲು ಹೋದವನು ತಾನೂ ಏಟು ತಿನ್ನುವಷ್ಟು ಹತ್ತಿರದಲ್ಲಿರುತ್ತಾನೆ. ಮೊದಲ ಹಂತದ ಜೀವಕ್ಕೆ ಅದು ದುಬಾರಿ.

3ನೇ ಹಂತದಲ್ಲಿ ಸ್ಪಿರಿಚುವಲ್ ವೆಪನ್ ಸಿಕ್ಕಾಗ ಪುರವಂತನ ಖಡ್ಗ ನಿಜವಾಗಿ ಏಳುತ್ತದೆ. 60 ಅಡಿಯೊಳಗೆ ಗಾಳಿಯಲ್ಲಿ ತೇಲುವ ಒಂದು ಆಯುಧ. ಅದರ ರೂಪ ನಿಮ್ಮಿಷ್ಟ. ಅದು ಬೋನಸ್ ಆ್ಯಕ್ಷನ್‌ನಲ್ಲಿ ಹೊಡೆಯುತ್ತದೆ, ಅದೇ ಸರದಿಯಲ್ಲಿ ಬಾಯಲ್ಲಿ ಕ್ಯಾಂಟ್ರಿಪ್ ಹೇಳಬಹುದು. ಹೊಡೆತದ ಲೆಕ್ಕ ಸ್ಟ್ರೆಂತ್‌ನದಲ್ಲ, ವಿಸ್‌ಡಮ್‌ನದು. ಕೈಯ ಖಡ್ಗ ಕೈಯಲ್ಲೇ ಇರುತ್ತದೆ, ದೇವರ ಖಡ್ಗ ಎದುರಾಳಿಯ ತಲೆಯ ಮೇಲೆ ತಿರುಗುತ್ತದೆ. 5ನೇ ಹಂತಕ್ಕೆ ಬರುವ ಸ್ಪಿರಿಟ್ ಗಾರ್ಡಿಯನ್ಸ್ ಇನ್ನೂ ದೊಡ್ಡದು: ನಿಮ್ಮ ಸುತ್ತ 15 ಅಡಿ ದೇವಗಣ ಸುತ್ತುತ್ತಿರುತ್ತದೆ, ಒಳಗೆ ಸಿಕ್ಕಿದ ವೈರಿಯ ನಡಿಗೆ ಅರ್ಧವಾಗುತ್ತದೆ, ಎಂಟರ ಮೂರು ದಾಳದ ಪೆಟ್ಟು ಬೀಳುತ್ತದೆ, ವಿಸ್‌ಡಮ್ ಪರೀಕ್ಷೆ ಗೆದ್ದರೂ ಅರ್ಧ ಪೆಟ್ಟು ತಪ್ಪುವುದಿಲ್ಲ. ದಕ್ಷಯಜ್ಞಕ್ಕೆ ವೀರಭದ್ರ ಒಬ್ಬನೇ ಹೋದದ್ದಲ್ಲ, ಗಣಗಳ ಸಮೇತ ಹೋದದ್ದು ಎಂದು ಒಡಪು ಕೇಳಿದವರಿಗೆ ಗೊತ್ತು. ಈ ಮಂತ್ರಕ್ಕೆ ಏಕಾಗ್ರತೆ ಬೇಕು. ಏಟು ಬಿದ್ದಾಗಲೆಲ್ಲ 10ನ್ನು, ಇಲ್ಲವೇ ಬಿದ್ದ ಪೆಟ್ಟಿನ ಅರ್ಧವನ್ನು, ಯಾವುದು ಹೆಚ್ಚೋ ಅದನ್ನು ಕಾನ್‌ಸ್ಟಿಟ್ಯೂಷನ್ ದಾಳದಲ್ಲಿ ಮುಟ್ಟಬೇಕು; ತಪ್ಪಿದರೆ ಗಣ ಕರಗಿಹೋಗುತ್ತದೆ. ಹಾಗಾಗಿ 4ನೇ ಹಂತದಲ್ಲೇ ವಾರ್ ಕ್ಯಾಸ್ಟರ್ ಫೀಟ್ ತೆಗೆದುಕೊಂಡವರು ಜಾಣರು. ಅದು ಏಕಾಗ್ರತೆಯ ದಾಳಕ್ಕೂ ಆಸರೆ, ಕೈಸನ್ನೆಯ ತೊಡಕಿಗೂ ಪರಿಹಾರ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಪುರವಂತಿಕೆ ನಮ್ಮ ಊರುಗಳಲ್ಲಿ ಇಂದಿಗೂ ನಡೆಯುವ ಆರಾಧನೆ. ಅದನ್ನು ಮೇಜಿನ ಆಟಕ್ಕೆ ತರಬಾರದು ಎನ್ನುವವನು ನಾನಲ್ಲ. ನಮ್ಮ ಮಕ್ಕಳು ಥಾರ್, ಅಪೋಲೋ ಹೆಸರಲ್ಲಿ ಕ್ಲೆರಿಕ್ ಕಟ್ಟುವಾಗ ವೀರಭದ್ರನ ಹೆಸರಲ್ಲೂ ಕಟ್ಟಲಿ ಎಂಬುದೇ ನನ್ನ ಆಸೆ. ಆದರೆ ಶಸ್ತ್ರ ಹಾಕಿಕೊಳ್ಳುವುದನ್ನು ದಾಳದ ಲೆಕ್ಕಕ್ಕೆ ಇಳಿಸಬೇಡಿ. ಕೆನ್ನೆಗೆ ಇಷ್ಟು ಚುಚ್ಚಿಕೊಂಡರೆ ಪೆಟ್ಟಿಗೆ ಇಷ್ಟು ಕೂಡುತ್ತದೆ ಎಂದು ನಿಯಮ ಮಾಡಿಕೊಂಡವರ ಪತ್ರ ಬಂದಿತ್ತು. ನನಗೆ ಅದು ಸರಿ ಕಾಣಲಿಲ್ಲ. ಹರಕೆ ಹೊತ್ತವರ ಭಕ್ತಿ ಅದು, ಅದನ್ನು ಅಲ್ಲೇ ಬಿಡೋಣ. ವೇಷ ತನ್ನಿ, ಖಡ್ಗ ತನ್ನಿ, ಒಡಪಿನ ಲಯ ತನ್ನಿ. ಮಂತ್ರ ಹೇಳುವ ಸರದಿ ಬಂದಾಗ “ನಾನು ಸೇಕ್ರೆಡ್ ಫ್ಲೇಮ್ ಹಾಕ್ತೀನಿ” ಎಂದು ಮುಗಿಸದೆ ನಿಮ್ಮದೇ ಎರಡು ಸಾಲು ಕಟ್ಟಿ ಏರುದನಿಯಲ್ಲಿ ಹೇಳಿ ನೋಡಿ. ಕನ್ನಡ ಬಾರದ ಗೆಳೆಯರು ಕೂಡ ಮೇಜಿನ ಮೇಲಿನ ಫೋನು ಬಿಟ್ಟು ನಿಮ್ಮ ಮುಖ ನೋಡುತ್ತಾರೆ.

ಪಾತ್ರದ ಹಾಳೆ ತುಂಬುವ ಮುಂಚೆ ಡಂಜನ್ ಮಾಸ್ಟರ್ ಹತ್ತಿರ ಯಾವ ವರ್ಷದ ಪುಸ್ತಕ ಎಂದು ಕೇಳಿಕೊಳ್ಳಿ. 2014ರ ನಿಯಮದಲ್ಲಿ ಸ್ಪಿರಿಚುವಲ್ ವೆಪನ್‌ಗೆ ಏಕಾಗ್ರತೆ ಬೇಡ, ಸ್ಪಿರಿಟ್ ಗಾರ್ಡಿಯನ್ಸ್ ಜೊತೆಗೇ ಅದನ್ನೂ ನಡೆಸಬಹುದು. 2024ರಲ್ಲಿ ಅದಕ್ಕೂ ಏಕಾಗ್ರತೆ ಬೇಕಾಗಿದೆ, ಎರಡರಲ್ಲಿ ಒಂದನ್ನೇ ಹಿಡಿಯಬೇಕು. ಹೊಸ ಪುಸ್ತಕದಲ್ಲಿ ಆಡುವವರು ಒಬ್ಬನೇ ದೊಡ್ಡ ವೈರಿ ದೂರದಲ್ಲಿದ್ದಾಗ ತೇಲುವ ಖಡ್ಗವನ್ನು ಎಬ್ಬಿಸಲಿ, ಗುಂಪು ಮುತ್ತಿಕೊಂಡಾಗ ಗಣಗಳನ್ನು ಕರೆಯಲಿ. ಇನ್‌ಫ್ಲಿಕ್ಟ್ ವೂಂಡ್ಸ್ ಕೂಡ ಅದರಲ್ಲಿ ಹತ್ತರ ಎರಡು ದಾಳಕ್ಕೆ ಇಳಿದಿದೆ, ಆದರೆ ಎದುರಾಳಿ ಪರೀಕ್ಷೆ ಗೆದ್ದರೂ ಅರ್ಧ ಪೆಟ್ಟು ಖಾತ್ರಿ.